ಟ್ಯಾಕ್ಸಿಯ ಬಲಗಡೆ ಬಾಗಿಲು

ಸ್ವೋರ್ಡ್ಸ್ ಅನ್ನೋ ಐರಿಶ್ ಊರಲ್ಲಿ ಬಾಡಿಗೆ ಕಾರಿನ ಕೌಂಟರ್‌ನಲ್ಲಿ ನನ್ನ ಕೆಲಸ. ಒಂದಿನ ವಯಸ್ಸಾದ ಅಮೆರಿಕನ್ ಒಬ್ಬರು ಬಂದರು. ಮಣ್ಣಿನ ಟ್ರ್ಯಾಕು, ಡಾಂಬರು, ರಾತ್ರಿಯಿಡೀ ಓಡಿಸೋ ಕಾರ್ ರೇಸು, ಎಲ್ಲದರಲ್ಲೂ ಗೆದ್ದವರಂತೆ; ಈಗ ಸ್ವಂತ ಟೀಮೇ ಇದೆಯಂತೆ. 'ಸರಿ' ಅನ್ನೋಕೆ ಇಲ್ಲಿನವರು ಹೇಳೋ ಹಾಗೆ 'ಗ್ರ್ಯಾಂಡ್' ಅಂದು ಕೀ ಕೊಟ್ಟೆ.

ಕಿಟಕಿಯಿಂದ ನೋಡಿದರೆ ಎದುರಿನ ರೌಂಡಬೌಟ್ ಸರ್ಕಲನ್ನೇ ಸುತ್ತುತ್ತಾ ಇದ್ದಾರೆ. ಕೊನೆಗೆ ವಾಪಸ್ ಬಂದು ಕೀ ಇಟ್ಟರು.

"ಏನಾಯ್ತು ಸರ್?"

"ನಮ್ಮ ದುಂಡು ಟ್ರ್ಯಾಕಲ್ಲಿ ಜೀವನವೆಲ್ಲ ಎಡಕ್ಕೇ ತಿರುಗಿದೋನು ನಾನು. ಇಲ್ಲಿ ಬಲಕ್ಕೆ ಸುತ್ತಬೇಕು, ಎಲ್ಲಿ ಹೊರಗೆ ಬರೋದೋ ತಿಳೀಲಿಲ್ಲ. ಡ್ರೋಹೆಡಾ ಆಸ್ಪತ್ರೇಲಿ ತಂಗಿ ಕಾಯ್ತಿದಾಳೆ, ಟ್ಯಾಕ್ಸಿ ಕರೀರಿ."

ಟ್ಯಾಕ್ಸಿ ಬಂತು. ಸೀದಾ ಹೋಗಿ, ಡ್ರೈವರ್ ಕೂತಿದ್ದ ಬಲಗಡೆ ಬಾಗಿಲನ್ನೇ ತೆಗೆದರು. ಅಮೆರಿಕದಲ್ಲಿ ಪ್ಯಾಸೆಂಜರ್ ಕೂರೋದು ಆ ಕಡೆ. ಆ ಅಭ್ಯಾಸವೋ, ಓಡಿಸೋ ಆಸೆ ಇನ್ನೂ ಬಿಟ್ಟಿರಲಿಲ್ಲವೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಡ್ರೈವರ್ ಮಾತ್ರ ಸ್ಟೀರಿಂಗ್ ಗಟ್ಟಿಯಾಗಿ ಹಿಡ್ಕೊಂಡ.