ಸಾಲ ಮಾಡದ ಡೋರೀನ್ ಕಂತು ಕೇಳಿದ್ದು

ಇಂಗ್ಲೆಂಡಿನ ಗ್ರಿಮ್ಸ್‌ಬಿಯ ಕಾರ್ಖಾನೆಯಲ್ಲಿ ಮೀನು ಸೀಳುವ ಡೋರೀನ್ ಕಟ್ಸ್ ಯಾರ ಬಳಿಯೂ ಒಂದು ಪೆನ್ನಿ ಸಾಲ ಕೇಳಿದವಳಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎನ್ನುವವಳು. ಅದೇ ಬೀದಿಯಲ್ಲಿದ್ದ ತಂಗಿ ಲೋರ್ನಾಳಿಗೆ ಆ ಹಾಸಿಗೆಯೂ ಕಂತಿನದೇ. ಸೋಫಾ ಕಂತು, ಟೀವಿ ಕಂತು, ಕ್ರಿಸ್‌ಮಸ್ ಕೋಟೂ ಕಂತು. ಈಗ ಅಂಗೈಗಿಂತ ದೊಡ್ಡ ಫೋನೊಂದು ಅವಳ ಮನೆಗೆ ಬಂದಿತ್ತು, ಅದೂ ತಿಂಗಳ ಕಂತಿನ ಮೇಲೆ.

ಫೋನಿಗಾಗಿ ಡೋರೀನಳ ಹೊಟ್ಟೆ ಉರಿಯಲಿಲ್ಲ. ಅದರೊಳಗೆ ಕಾಣುತ್ತಿದ್ದ ಮಗುವಿಗಾಗಿ ಉರಿಯಿತು. ದೂರದ ಅಬರ್‌ಡೀನ್‌ನಲ್ಲಿದ್ದ ಡೋರೀನಳ ಮಗಳು ಕೆರಿ ಸಂಜೆ ತನ್ನ ಮಗುವನ್ನು ತೋರಿಸಲು ಕರೆ ಮಾಡುವಳು. ಡೋರೀನಳ ಗುಂಡಿ ಒತ್ತುವ ಹಳೇ ಫೋನಿನಲ್ಲಿ ಮುಖ ಕಾಣದು, ಹಾಗಾಗಿ ಕರೆ ಬರುವುದು ಲೋರ್ನಾಳಿಗೆ. ಡೋರೀನ್ ಓಡಿಬಂದು ತಂಗಿಯ ಪಕ್ಕ ನಿಂತು ಇಣುಕಬೇಕು. ಒಂದು ಸಂಜೆ ಮೊಮ್ಮಗಳು ಎಲ್ಸಿ ಲೋರ್ನಾಳನ್ನು ನೋಡಿ "ಅಜ್ಜಿ!" ಎಂದುಬಿಟ್ಟಳು.

"ಕೇಳಿದ್ಯಾ? ನನ್ನೇ ಅಜ್ಜಿ ಅಂದ್ಲು!" ಲೋರ್ನಾ ಕುಣಿದಳು.

"ಅಜ್ಜಿ ನಾನು ಕಣೇ. ಕೆರೀನ ಹೆತ್ತೋಳು ನಾನು."

"ಹಂಗಾದ್ರೆ ನೀನೂ ಒಂದು ಫೋನ್ ತಗೋ ಮಾರಾಯ್ತಿ. ಪರ್ಸು ಬಿಗಿ ಹಿಡ್ಕೊಂಡು ಕೂತ್ರೆ ಮಗು ಹೆಂಗೆ ಗುರ್ತು ಹಿಡಿಯುತ್ತೆ?"

ಶನಿವಾರ ಡೋರೀನ್ ಒಳ್ಳೆಯ ಕೋಟು ತೊಟ್ಟು ಫೋನಿನ ಅಂಗಡಿಗೆ ಹೋದಳು. ಒಂದೇ ಸಲಕ್ಕೆ ಕೊಳ್ಳಲು ಅವಳ ಕೂಲಿ ಸಾಲದು. ಕಂತು ಎಂಬ ಮಾತು ಬಾಯಿಂದ ಹೊರಡುವಾಗ ನಾಲಿಗೆ ತೊದಲಿತು.

ಅಂಗಡಿಯವಳು ಕಂಪ್ಯೂಟರ್ ನೋಡಿ, "ಆಗಲ್ಲ ಕಣಮ್ಮ" ಎಂದಳು.

"ಯಾಕೆ? ನಾನು ಯಾರ ಸಾಲಾನೂ ಉಳಿಸ್ಕೊಂಡಿಲ್ಲ."

"ಸಾಲ ತಗೊಂಡೇ ಇಲ್ವಲ್ಲ, ಅದೇ ತೊಂದ್ರೆ. ತಗೊಂಡು ತೀರಿಸಿದ್ರೆ ತಾನೇ ನಂಬಬಹುದು ಅಂತ ಗೊತ್ತಾಗೋದು? ವಿಳಾಸ ಖಾತ್ರಿ ಮಾಡ್ಕೊಳ್ಳೋಣ ಅಂದ್ರೆ ಮತದಾರರ ಪಟ್ಟೀಲೂ ನಿಮ್ಮ ಹೆಸರಿಲ್ಲ."

ಡೋರೀನಳ ಮುಖ ಕೆಂಪಾಯಿತು. ಹಿಂದೆ ಸರ್ಕಾರ ತಲೆಗಿಷ್ಟು ಎಂದು ತಲೆಗಂದಾಯ ಹಾಕಿದಾಗ, ಪಟ್ಟಿಯಲ್ಲಿ ಹೆಸರಿದ್ದರೆ ತಾನೇ ವಸೂಲಿ ಎಂದು ಅರ್ಧ ಬೀದಿ ಹೆಸರು ಬಿಡಿಸಿಕೊಂಡಿತ್ತು. ಕಂದಾಯ ರದ್ದಾದ ಮೇಲೆ ಮಿಕ್ಕವರು ಮತ್ತೆ ಸೇರಿಸಿದರು. ಡೋರೀನ್ ಮಾತ್ರ ಜಾಣೆಯಾಗಿಯೇ ಉಳಿದಳು.

ವಿಷಯ ಕೇಳಿ ಲೋರ್ನಾ ಬಿದ್ದು ಬಿದ್ದು ನಕ್ಕಳು. "ನನ್ನ ಹೆಸ್ರಲ್ಲೇ ತಗೊಳ್ಳೋಣ ಬಾ. ನಂಗೆ ಯಾರೂ ಇಲ್ಲ ಅನ್ನಲ್ಲ."

ಅದು ಸುಳ್ಳಲ್ಲ. ಲೋರ್ನಾ ಒಂದು ಕಂತನ್ನೂ ತಪ್ಪಿಸಿದವಳಲ್ಲ. ಡೋರೀನ್ ಹಲ್ಲು ಕಚ್ಚಿಕೊಂಡು ಒಪ್ಪಿದಳು. ಫೋನ್ ಬಂತು.

ಮೊದಲ ಸಂಜೆ ತಂಗಿಗೆ ಹೇಳದೆ, ಬಾಗಿಲು ಹಾಕಿಕೊಂಡು ಕೆರಿಗೆ ಕರೆ ಮಾಡಿದಳು. ಎಲ್ಸಿ ಬಂದಳು, ನೋಡಿದಳು, ತುಟಿ ಚೂಪು ಮಾಡಿದಳು.

"ಅಜ್ಜಿ ಎಲ್ಲಿ?"

"ನಾನೇ ಪುಟ್ಟಿ ಅಜ್ಜಿ."

ಎಲ್ಸಿ ಜೋರಾಗಿ ಅತ್ತಳು. "ಬೇಜಾರ್ ಮಾಡ್ಕೋಬೇಡಮ್ಮ, ಇನ್ನೂ ಚಿಕ್ಕೋಳು" ಎಂದಳು ಕೆರಿ. ಅಳು ನಿಲ್ಲಲಿಲ್ಲ. ಕೊನೆಗೆ ಡೋರೀನ್ ಬಾಗಿಲು ತೆರೆದು ಬೀದಿಗೆ ಕೇಳುವಂತೆ ಕೂಗಿದಳು: "ಲೋರ್ನಾ! ಬಾರೇ, ಮಗು ಅಳ್ತಿದೆ!"

ಲೋರ್ನಾ ಮನೆಯೊಳಗಿನ ಚಪ್ಪಲಿಯಲ್ಲೇ ಓಡಿಬಂದಳು. ಮಗು ಥಟ್ಟನೆ ನಕ್ಕಿತು. ಲೋರ್ನಾ ಅಕ್ಕನ ಗಲ್ಲ ಹಿಡಿದು ಪರದೆಯತ್ತ ತಿರುಗಿಸಿದಳು. "ನೋಡು ಎಲ್ಸಿ, ನಾನು ಲೋರ್ನಾ. ನಿನ್ನ ಅಜ್ಜಿ ಇವಳೇ. ನಾನು ಹೇಳ್ತೀನಲ್ಲ."

ಎಲ್ಸಿ ಲೋರ್ನಾಳ ಮುಖ ನೋಡಿದಳು, ಆಮೇಲೆ ಡೋರೀನಳದು. "ಅಜ್ಜಿ" ಎಂದಳು.

ಡೋರೀನಳ ಕಣ್ಣು ತುಂಬಿತು, ಹೊಟ್ಟೆ ಇನ್ನಷ್ಟು ಉರಿಯಿತು. ಅಜ್ಜಿಯಾಗುವುದಕ್ಕೂ ಲೋರ್ನಾಳದೇ ಜಾಮೀನು ಬೇಕಾಯಿತು.