ಭೀಮರಾಜನ ಮಲಗಿದ ಜೀಪು

ನಮ್ಮ ಸಂಘ ಡ್ರೈವರ್ ಭೀಮರಾಜನಿಗೆ ಕೊಡಬೇಕಾದ ಕೂಲಿ ಇನ್ನೂ ಬಾಕಿ ಇದೆ. ಅವನು ಕೇಳಿಲ್ಲ, ನಾವು ಕೊಟ್ಟಿಲ್ಲ. ಹಡಗಲಿಯಲ್ಲಿ ಧರಣಿಯಿರಲಿ, ಹರಪನಹಳ್ಳಿಯಲ್ಲಿ ಜಾಥಾ ಇರಲಿ, ಮೈಕು, ಬ್ಯಾನರು, ಅನ್ನದ ಡಬರಿ ಸಮೇತ ನಮ್ಮನ್ನು ಹೊತ್ತು ತಿರುಗಿದ್ದು ಅವನೇ, ಸಂಘದ ಹಳೇ ಪೆಟ್ರೋಲ್ ಜೀಪಿನಲ್ಲಿ.

ಲಾಠಿಗೆ ಮುರಿಯದ ಅವನ ಸೊಂಟ ಹೋದ ವರ್ಷ ಬಚ್ಚಲಲ್ಲಿ ಜಾರಿ ಮುರಿಯಿತು. ಆಪರೇಷನ್ ಆಯಿತು. ವರ್ಷದ ತನಕ ಗಾಡಿ ಮುಟ್ಟಬೇಡ ಎಂದರು ಡಾಕ್ಟರು. ಕೂಡ್ಲಿಗಿಯ ಅವನ ಮನೆ ಪಕ್ಕದ ತಗಡಿನ ಶೆಡ್ಡಿಗೆ ಜೀಪನ್ನು ತಳ್ಳಿದೆವು. ತಾನು ಎದ್ದ ದಿನ ಅದೂ ಏಳಬೇಕು. ಅವನಿಗಿದ್ದ ಚಿಂತೆ ಅದೊಂದೇ.

ಮನೆಯಲ್ಲಿ ಬುದ್ಧನ ಫೋಟೋ ಇಟ್ಟ ಮೇಲೆ ಗಾಡಿಗೆ ಲಿಂಬೆಹಣ್ಣು, ಊದುಬತ್ತಿ ಎಲ್ಲ ಬಿಟ್ಟವನು ಭೀಮರಾಜ. ಅಮಾವಾಸ್ಯೆಯನ್ನು ಮಾತ್ರ ಬಿಟ್ಟಿರಲಿಲ್ಲ. ಪೂಜೆ ಹೋಗಿತ್ತು, ಆ ದಿನ ಸ್ಟಾರ್ಟ್ ಮಾಡುವುದು ಉಳಿದಿತ್ತು. ಹೆಂಡತಿ ಜೋಗಮ್ಮ ಜೀಪಿನ ಮುಂದೆ ನಿಂತು ಹ್ಯಾಂಡಲ್ ತಿರುವುವಳು. ಜೀಪು ಗುಡುಗುವುದು. ಮಂಚದ ಮೇಲೆ ಕೂತವನ ಮುಖ ಅರಳುವುದು. ಪೆಟ್ರೋಲ್ ಉಳಿಸಬೇಕಲ್ಲ, ಎರಡೇ ನಿಮಿಷಕ್ಕೆ ಆಫ್.

ಕೊಟ್ಟೂರಿನ ಮೆಕ್ಯಾನಿಕ್ ಕಾಂತೇಶ್ ಒಮ್ಮೆ ಅವನನ್ನು ಮಾತಾಡಿಸಲು ಬಂದವನು, ಕೈ ಸುಮ್ಮನಿರದೆ ಇಂಜಿನ್ನಿನ ಆಯಿಲ್ ಮುಚ್ಚಳ ಬಿಚ್ಚಿದ. ಒಳಗೆ ಬಿಳಿ ಲೋಳೆ.

"ಭೀಮಣ್ಣ, ಇಂಜಿನ್ನಾಗ ಬೆಣ್ಣಿ ಕಡದೀಯಲ್ಲಪಾ."

"ಅಮಾಸಿಗೊಮ್ಮಿ ತಪ್ಪದ ಸ್ಟಾರ್ಟ್ ಮಾಡ್ತೀವಲೇ."

"ಅದಕ್ಕ ಹಿಂಗಾಗೈತಿ. ಎರಡು ನಿಮಿಷಕ್ಕ ಇಂಜಿನ್ ಕಾಯಂಗಿಲ್ಲ. ಒಳಗಿನ ಹಬಿ ನೀರಾಗಿ ಆಯಿಲ್ ಸೇರತೈತಿ, ತುಕ್ಕು ಹಿಡಿತೈತಿ. ಓಡಿಸಿದ್ರ ಚಲೋತ್ನಾಗಿ ಓಡಿಸ್ಬೇಕು, ಇಲ್ಲಾಂದ್ರ ಮಲಗಾಕ ಬಿಡ್ಬೇಕು."

ಭೀಮರಾಜ ಜೀಪಿನ ಕಡೆ ಕತ್ತು ಹೊರಳಿಸಿದ. "ಅದರ ಸದ್ದೂ ಕೇಳಬಾರದಂದ್ರ ನಾ ಹೆಂಗ ದಿನಾ ನೂಕ್ಲಿ?"

"ನಾ ಬಾಯಿ ಮಾಡ್ತೀನಲ್ಲ, ಸಾಲಂಗಿಲ್ಲೇನು?" ಎಂದಳು ಜೋಗಮ್ಮ.

ಕಾಂತೇಶ್ ಆಯಿಲ್ ಬದಲಿಸಿದ. ಕಾರ್ಬೊರೇಟರಿನ ಪೆಟ್ರೋಲ್ ಖಾಲಿ ಮಾಡಿದ. ಪ್ಲಗ್ ಬಿಚ್ಚಿ ತೂತುಗಳಿಗೆ ಒಂದಿಷ್ಟು ಆಯಿಲ್ ಬಿಟ್ಟು ಮತ್ತೆ ಬಿಗಿದ. ಇಲಿ ಹೋಗದಂತೆ ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿದ. ಬ್ಯಾಟರಿ ಇಳಿಸಿದ. "ಅಕ್ಕ, ಇನ್ನ ಸ್ಟಾರ್ಟ್ ಬ್ಯಾಡ್ರಿ. ಆಗಾಗ ಹ್ಯಾಂಡಲ್ ಹಾಕಿ ಕೈಲೆ ನಾಕು ಸುತ್ತು ತಿರುವ್ರಿ, ಇಂಜಿನ್ ಕಚ್ಚಿಕೊಳ್ಳಂಗಿಲ್ಲ" ಎಂದ.

ಅಲ್ಲಿಂದ ಮುಂದೆ ಜೋಗಮ್ಮ ಶಾಲೆಯ ಬಿಸಿಯೂಟ ಬೇಯಿಸಿ ಬಂದು, ಸೆರಗು ಸಿಕ್ಕಿಸಿ ಹ್ಯಾಂಡಲ್ ಹಿಡಿಯುತ್ತಿದ್ದಳು. ಗುಡುಗಿಲ್ಲ, ಒಳಗಿಂದ ಫುಸ್ಸೆಂದು ಗಾಳಿ, ಅಷ್ಟೆ. ಅವನು ಮಂಚದಿಂದ ಕಿವಿ ಚಾಚುವನು.

"ಉಸುರಾಡತೈತೇನು?"

"ಆಡತೈತಿ. ನೀ ಉಣ್ಣು."

ಹೋದ ತಿಂಗಳು ಡಾಕ್ಟರು ನೋಡಿ, ನಡೆಯಬಹುದು, ಕ್ಲಚ್ ಮಾತ್ರ ಇನ್ನು ಯಾವತ್ತೂ ಒತ್ತಬೇಡ ಎಂದರು. ಭೀಮರಾಜ ಕಾಂತೇಶನಿಗೆ ಫೋನ್ ಹಚ್ಚಿದ. ಕಾಂತೇಶ್ ಬಂದು ಪ್ಲಗ್ ಬಿಚ್ಚಿದ, ಜೋಗಮ್ಮ ತಿರುವಿದಳು, ಹೆಚ್ಚಿನ ಆಯಿಲ್ ಅವನ ಅಂಗಿಗೇ ಉಗಿಯಿತು. ಪ್ಲಗ್ ಮತ್ತೆ ಬಿಗಿದು, ಸೈಲೆನ್ಸರಿನ ಬಟ್ಟೆ ತೆಗೆದು, ಬ್ಯಾಟರಿ ಹಚ್ಚಿ, ಹೊಸ ಪೆಟ್ರೋಲ್ ಹಾಕಿದರು. ಜೋಗಮ್ಮ ಹ್ಯಾಂಡಲ್ ಹೊಡೆದಳು. ಜೀಪು ಎದ್ದಿತು. ಭೀಮರಾಜ ಕೋಲೂರಿಕೊಂಡು ಸ್ಟೇರಿಂಗ್ ಕಡೆ ಎರಡು ಹೆಜ್ಜೆ ಇಟ್ಟವನು ನಿಂತ. ಸುತ್ತು ಹಾಕಿ ಎಡಗಡೆ ಹತ್ತಿ ಕೂತ.

"ಯಾರರ ಹೊಡೀರಿ. ಮತ್ತ ಮಲಗಿಸಬ್ಯಾಡ್ರಿ" ಎಂದ.

ಸಂಘದಲ್ಲಿ ಉಳಿದ ನಮಗೆ ಘೋಷಣೆ ಕೂಗಲು ಬರುತ್ತದೆ, ಗಾಡಿ ಹೊಡೆಯಲು ಬರುವುದಿಲ್ಲ. ಕಾಂತೇಶನಿಗೆ ಅಂಗಡಿಯಿದೆ. ಓದುತ್ತಿರುವ ನಿಮಗೆ ಡ್ರೈವಿಂಗ್ ಬರುತ್ತದಲ್ಲ? ವಾರಕ್ಕೊಮ್ಮೆ ಕೂಡ್ಲಿಗಿಗೆ ಬನ್ನಿ. ಇಂಜಿನ್ ಚೆನ್ನಾಗಿ ಕಾಯುವಂತೆ ಕೊಟ್ಟೂರಿನ ತನಕ ಹೊಡೆಯಿರಿ. ನೀವು ಗೇರು ಬದಲಿಸಿದಾಗಲೆಲ್ಲ ಎಡಗಡೆ ಕೂತವನು ಬೈಯುತ್ತಾನೆ. ಬೈಸಿಕೊಳ್ಳಿ.