ಬಚ್ಚಲ ನೀರು ನಮ್ಮದು, ಕರಿಬೇವು ರುದ್ರಮ್ಮನವರದು

ಹಳೇ ಮನೆಯ ಬಚ್ಚಲು ರಿಪೇರಿಗೆ ಕೈಹಾಕುವ ಗೆಳೆಯರೇ, ಗೋಡೆಯ ತೂತು ಮುಚ್ಚುವ ಮೊದಲು ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ.

ರಾಯದುರ್ಗದ ನಮ್ಮ ಮನೆ ಮದ್ರಾಸ್ ಸರ್ಕಾರದ ಕಾಲದ್ದು. ಬಚ್ಚಲ ನೀರು ಆಗಿನಿಂದಲೂ ಗೋಡೆಯ ತೂತಿನಿಂದ ಪಕ್ಕದ ರುದ್ರಮ್ಮನವರ ಹಿತ್ತಲಿಗೆ ಹರಿಯುತ್ತಿತ್ತು. ಇವತ್ತು ಬೆಳಿಗ್ಗೆ ಪ್ಲಂಬರ್ ಬಾಷಾ ಅದನ್ನು ಸಿಮೆಂಟಿನಿಂದ ಮುಚ್ಚಿ, ಹೊಸ ಪೈಪನ್ನು ಬೀದಿ ಚರಂಡಿಗೆ ಜೋಡಿಸಿದ. ಪಕ್ಕದವರಿಗೆ ದೊಡ್ಡ ಉಪಕಾರ ಮಾಡಿದೆ ಎಂದು ನಾನು ಬೀಗುತ್ತಿದ್ದೆ. ಸಿಮೆಂಟು ಆರುವ ಮೊದಲೇ ರುದ್ರಮ್ಮ ನಮ್ಮ ಬಾಗಿಲಲ್ಲಿದ್ದರು.

"ನಮ್ಮ ಕರಿಬೇವಿನ ಗಿಡದ ನೀರು ಯಾಕ ನಿಲ್ಲಿಸಿದೆಪ್ಪಾ?"

"ಅದು ನಮ್ಮ ಬಚ್ಚಲ ನೀರಲ್ಲೇನ್ರೀ ಅವ್ವಾ?"

"ಹೌದು. ನಿಮ್ಮ ತಾತ ಜಳಕ ಮಾಡಿದ ನೀರಿಗೇ ಅದು ಚಿಗುರಿದ್ದು. ನಾಳಿಂದ ಒಗ್ಗರಣಿಗೆ ಆ ಪೈಪೇ ಮುರ್ಕೊಂಡು ಹಾಕ್ಕೋ!"

ಒಗ್ಗರಣೆ ಎಂದದ್ದೇ ತಡ, ನನ್ನ ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. ನಮ್ಮ ಬೀದಿಯಲ್ಲಿ ಯಾರೂ ಕರಿಬೇವು ಕೊಳ್ಳುವುದಿಲ್ಲ. ಎಲ್ಲರಿಗೂ ಅದೊಂದೇ ಗಿಡ.

"ಮೊದಲು ತೂತು ತೆಗಸ್ರಿ," ಎಂದಳು ನನಗೆ.

ಬಾಷಾ ಗೊಣಗುತ್ತ ಸಿಮೆಂಟು ಕೆರೆದ. ನೀರನ್ನು ಬೇಕಾದ ಕಡೆಗೆ ತಿರುಗಿಸಲು ಒಂದು ವಾಲ್ವ್ ಕೂರಿಸಿದ. ರುದ್ರಮ್ಮ ಪಕ್ಕದಲ್ಲೇ ನಿಂತು ಕಾನೂನು ಹೊರಡಿಸಿದರು: "ಸೀಗೆಕಾಯಿ ನೀರು ಗಿಡಕ್ಕ, ಶಾಂಪೂ ನೀರು ಚರಂಡಿಗೆ."

ಸಂಜೆ ಹೊಸ ಶವರಿನ ಕೆಳಗೆ ಮೊದಲ ಸಲ ನಿಂತೆ. ಹೊಸ ಟೈಲ್ಸ್, ಗಟ್ಟಿ ಚಿಲಕ, ಇನ್ನು ಯಾರ ಕಾಟವೂ ಇಲ್ಲ ಅಂದುಕೊಂಡು ನಲ್ಲಿ ನಿಲ್ಲಿಸಿದೆ. ಗೋಡೆಯಾಚೆಯಿಂದ ಧ್ವನಿ ಬಂತು:

"ಬುಡಕ್ಕ ಇನ್ನೂ ಮುಟ್ಟಿಲ್ಲಪ್ಪಾ, ಎರಡು ಚೊಂಬು ಜಾಸ್ತಿ ಹಾಕ್ಕೋ!"